ಅಂಕಿಗಳಲ್ಲಿ ಅಡಗಿದ ಸಹ್ಯಾದ್ರಿ

ಉಡುಪಿಯಿಂದ ಹೊರಟ ಬಸ್ಸು ಹೆಬ್ರಿ, ಸೋಮೇಶ್ವರಗಳನ್ನು ದಾಟಿ ಆಗುಂಬೆ ಘಾಟಿಯ ತಿರುವುಗಳನ್ನು ಒಂದೊಂದಾಗಿ ಹತ್ತುತ್ತದೆ. ಕೆಲವೇ ಕಿಲೋಮೀಟರುಗಳಲ್ಲಿ 500 ಮೀಟರಿಗೂ ಹೆಚ್ಚು ಏರಿಕೆ. ಮಕ್ಕಳಿಗೆ ಕಿವಿ ಕಟ್ಟಿದಂತಾಗುತ್ತದೆ, ದೊಡ್ಡವರಿಗೆ ಹೊಟ್ಟೆ ತೊಳಸುತ್ತದೆ. ಅಂತೂ ಬೆಟ್ಟದ ತುದಿ ಮುಟ್ಟಿದ್ದಾಯಿತು. ಬೆಟ್ಟ ಎಂದಮೇಲೆ ಹತ್ತಿದಷ್ಟೇ ಆಚೆ ಬದಿಯಲ್ಲಿ ಇಳಿಯಬೇಕಲ್ಲ? ಬಸ್ಸು ತೀರ್ಥಹಳ್ಳಿ ತಲುಪುತ್ತದೆ, ಮಂಡಗದ್ದೆ ದಾಟುತ್ತದೆ, ಕೊನೆಗೆ ಶಿವಮೊಗ್ಗದ ನಿಲ್ದಾಣದಲ್ಲಿ ನಿಲ್ಲುತ್ತದೆ. ಆ ಇಳಿತ ಮಾತ್ರ ಬರುವುದೇ ಇಲ್ಲ! ಆಗುಂಬೆಯ ಎತ್ತರ ಸುಮಾರು 650 ಮೀಟರ್. ಶಿವಮೊಗ್ಗದ್ದು 570ರ ಆಸುಪಾಸು. ದಿನವಿಡೀ ಪ್ರಯಾಣ ಮಾಡಿದರೂ ಏರಿದ ಎತ್ತರದಲ್ಲಿ ಬಹುಪಾಲು ಹಾಗೆಯೇ ಉಳಿದುಬಿಡುತ್ತದೆ.

ಶಾಲೆಯ ಭೂಪಟದಲ್ಲಿ ಪಶ್ಚಿಮ ಘಟ್ಟವೆಂದರೆ ಕರಾವಳಿಗೆ ಸಮಾನಾಂತರವಾಗಿ ಎಳೆದ ಒಂದು ಕಂದು ಪಟ್ಟಿ. ಎರಡೂ ಕಡೆ ತಗ್ಗು, ನಡುವೆ ಗೋಡೆ ಎಂಬ ಭಾವನೆ ಮಕ್ಕಳಲ್ಲಿ ಮೂಡುವುದು ಸಹಜ. ಆದರೆ ಜನರ ಮಾತು ಭೂಪಟಕ್ಕಿಂತ ಜಾಣತನದ್ದು. ಕರಾವಳಿಯವರು 'ಘಟ್ಟದ ಆಚೆ' ಎನ್ನುವುದಿಲ್ಲ, 'ಘಟ್ಟದ ಮೇಲೆ' ಎನ್ನುತ್ತಾರೆ. ಮಲೆನಾಡಿನವರಿಗೆ ಕರಾವಳಿ 'ಘಟ್ಟದ ಕೆಳಗೆ'. ಸಹ್ಯಾದ್ರಿ ಎರಡು ಬಯಲುಗಳ ನಡುವೆ ಎದ್ದು ನಿಂತ ಗೋಡೆಯಲ್ಲ, ದಖನ್ ಪ್ರಸ್ಥಭೂಮಿ ಎಂಬ ದೊಡ್ಡ ಜಗಲಿಯ ಪಶ್ಚಿಮದ ಅಂಚು. ಜಗಲಿಯ ಮೆಟ್ಟಿಲು ಹತ್ತಿದವರು ಆಚೆ ಇಳಿಯುವುದಾದರೂ ಹೇಗೆ?

ಇದನ್ನು ಮಾತಿನಲ್ಲಿ ಹೇಳುವುದು ಸುಲಭ. ಕಣ್ಣಿಗೆ ಕಾಣುವಂತೆ ತೋರಿಸುವುದು ಕಷ್ಟ. ಕಳೆದ ಕಾಲು ಶತಮಾನದಲ್ಲಿ ಆ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿರುವುದು 'ಡಿಜಿಟಲ್ ಎಲಿವೇಶನ್ ಮಾಡೆಲ್' ಎಂಬ ಸಾಧನ. ಭೂವಿಜ್ಞಾನಿಗಳ ಬಾಯಲ್ಲಿ ಅದು ಚುಟುಕಾಗಿ 'ಡೆಮ್'. ಹೆಸರು ಕೇಳಿ ಬೆದರಬೇಕಾಗಿಲ್ಲ. ಅದು ಎತ್ತರಗಳ ಒಂದು ಕೋಷ್ಟಕ, ಅಷ್ಟೆ.

ಗಣಿತದ ಚೌಕುಳಿ ಪುಸ್ತಕದ ಒಂದು ಹಾಳೆಯನ್ನು ಕಲ್ಪಿಸಿಕೊಂಡರೆ ಸಾಕು. ಆ ಹಾಳೆಯನ್ನು ನೆಲದ ಮೇಲೆ ಹಾಸಿ, ಪ್ರತಿ ಚೌಕದ ಬದಿಯೂ ಸುಮಾರು 30 ಮೀಟರ್ ಆಗುವಂತೆ ಹಿಗ್ಗಿಸಿದ್ದಾರೆ ಎಂದುಕೊಳ್ಳೋಣ. ಪ್ರತಿ ಚೌಕದೊಳಗೆ ಒಂದೇ ಒಂದು ಸಂಖ್ಯೆ: ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದು. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ತುಣುಕಿಗೆ ಅಡ್ಡ 3601, ಉದ್ದ 3601 ಸಂಖ್ಯೆಗಳು. ಗುಣಿಸಿದರೆ ಸುಮಾರು 1 ಕೋಟಿ 30 ಲಕ್ಷ! ಅದರಲ್ಲಿ ಹೆಸರಿಲ್ಲ, ಗಡಿಯಿಲ್ಲ, ರಸ್ತೆಯಿಲ್ಲ, ಊರಿಲ್ಲ. ಬರೀ ಅಂಕಿ. ಚಿತ್ರ ಬಿಡಿಸುವುದು, ಬಣ್ಣ ತುಂಬುವುದು, ನೆರಳು ಹಾಕುವುದು, ಇಳಿಜಾರು ಲೆಕ್ಕ ಹಾಕುವುದು, ಎಲ್ಲವೂ ಆಮೇಲೆ ಗಣಕಯಂತ್ರದ ಕೆಲಸ.

ಸಂಖ್ಯೆ ಬಂದದ್ದೆಲ್ಲಿಂದ?

ಬೆಟ್ಟಗಳ ಎತ್ತರ ಅಳೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು ಆರಂಭಿಸಿದ ತ್ರಿಕೋನಮಿತಿ ಸರ್ವೇಕ್ಷಣೆ ದಶಕಗಟ್ಟಲೆ ನಡೆಯಿತು. ಥಿಯೊಡೊಲೈಟ್ ಹೊತ್ತು ಕಾಡು ಗುಡ್ಡ ಅಲೆದವರ ಶ್ರಮದ ಮೇಲೆಯೇ ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟುಗಳು ನಿಂತಿವೆ. 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಪ್ರಮಾಣದ ಆ ಹಾಳೆಗಳಲ್ಲಿ ಸಮಾನ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳಿರುತ್ತವೆ. ಅವೇ ಸಮೋನ್ನತಿ ರೇಖೆಗಳು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರವಿದ್ದರೆ ನಿಧಾನದ ಇಳಿಜಾರು. ಬಲ್ಲವರ ಕಣ್ಣಿಗೆ ಅವು ಬೆಟ್ಟವನ್ನೇ ತಂದು ನಿಲ್ಲಿಸುತ್ತವೆ. ಆದರೆ ಗೆರೆಗಳ ಜತೆ ಕೂಡುವುದು, ಕಳೆಯುವುದು, ಭಾಗಿಸುವುದು ಆಗದು. ಅದಕ್ಕೆ ಅಂಕಿಯೇ ಬೇಕು.

2000ದ ಫೆಬ್ರುವರಿಯಲ್ಲಿ 'ಎಂಡೆವರ್' ಬಾಹ್ಯಾಕಾಶ ನೌಕೆ ಆರು ಮಂದಿಯನ್ನು ಹೊತ್ತು 11 ದಿನ ಭೂಮಿಯನ್ನು ಸುತ್ತಿತು. ಅದರ ಒಡಲಲ್ಲಿ ಒಂದು ರೇಡಾರ್ ಆಂಟೆನಾ, ಹೊರಚಾಚಿದ 60 ಮೀಟರ್ ಉದ್ದದ ಕಂಬದ ತುದಿಯಲ್ಲಿ ಇನ್ನೊಂದು. ನಮ್ಮ ಎರಡು ಕಣ್ಣುಗಳ ನಡುವಿನ ಅಂತರವೇ ದೂರ ಹತ್ತಿರಗಳನ್ನು ತಿಳಿಸುವುದು ತಾನೆ? ಇಲ್ಲಿಯೂ ಅದೇ ಉಪಾಯ. ನೆಲಕ್ಕೆ ಬಡಿದು ಹಿಂದಿರುಗಿದ ಅಲೆ ಎರಡು ಆಂಟೆನಾಗಳನ್ನು ತಲುಪುವಾಗ ಇರುವ ಕೂದಲೆಳೆಯ ವ್ಯತ್ಯಾಸದಿಂದ ಎತ್ತರದ ಲೆಕ್ಕ. ರೇಡಾರಿಗೆ ಮೋಡ, ಕತ್ತಲೆ ಅಡ್ಡಿಯಲ್ಲ. ಹೀಗೆ 11 ದಿನಗಳ ಒಂದೇ ಯಾನದಲ್ಲಿ ಭೂಮಿಯ ಒಣನೆಲದ ಶೇ. 80ರಷ್ಟರ ಎತ್ತರ ದಾಖಲಾಯಿತು.

ನಮ್ಮ ಇಸ್ರೋ ಬೇರೆ ದಾರಿ ಹಿಡಿಯಿತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿದ 'ಕಾರ್ಟೋಸ್ಯಾಟ್-1' ಉಪಗ್ರಹಕ್ಕೆ ಎರಡು ಕ್ಯಾಮೆರಾಗಳು, ಒಂದು ಮುಂದಕ್ಕೆ ಬಾಗಿದ್ದು, ಇನ್ನೊಂದು ಸ್ವಲ್ಪ ಹಿಂದಕ್ಕೆ. ಒಂದೇ ಬೆಟ್ಟವನ್ನು ಎರಡು ಕೋನಗಳಿಂದ ತೆಗೆದ ಚಿತ್ರಗಳನ್ನು ಹೊಂದಿಸಿ ಎತ್ತರ ಕಂಡುಹಿಡಿದರು. ಈ ಅಂಕಿಗಳನ್ನು ಇಸ್ರೋದ 'ಭುವನ್' ಜಾಲತಾಣದಿಂದ ವಿದ್ಯಾರ್ಥಿಗಳು ಪುಕ್ಕಟೆಯಾಗಿ ಪಡೆಯಬಹುದು. ನೋಡಲು ಬೇಕಾದ 'ಕ್ಯೂಜಿಐಎಸ್' ಎಂಬ ತಂತ್ರಾಂಶವೂ ಪುಕ್ಕಟೆ. ಹಿಂದೆ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಾತ್ರ ದಕ್ಕುತ್ತಿದ್ದ ಸಾಮಗ್ರಿ ಇಂದು ಹೈಸ್ಕೂಲಿನ ಕಂಪ್ಯೂಟರಿಗೆ ಬಂದಿದೆ. ಬಳಸುವ ಶಾಲೆಗಳು ಮಾತ್ರ ಇನ್ನೂ ವಿರಳ.

ಜಗಲಿ ಮುರಿದದ್ದು ಯಾವಾಗ?

ಉಡುಪಿಯಿಂದ ಶಿವಮೊಗ್ಗಕ್ಕೆ ಒಂದು ನೇರ ಗೆರೆ ಎಳೆದು, ಆ ಗೆರೆಯ ಮೇಲಿನ ಚೌಕಗಳ ಸಂಖ್ಯೆಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಬಸ್ಸಿನ ಒಗಟು ಒಡೆಯುತ್ತದೆ. ಸಮುದ್ರದಿಂದ ಘಟ್ಟದ ಬುಡದವರೆಗೆ ಸಣ್ಣಪುಟ್ಟ ಗುಡ್ಡಗಳ ತಗ್ಗು ನೆಲ. ಆಮೇಲೆ ಇದ್ದಕ್ಕಿದ್ದಂತೆ ಗೆರೆ ಲಂಬವಾಗಿ ಎದ್ದಂತೆ ಕಾಣುತ್ತದೆ. ಅಲ್ಲಿಂದ ಪೂರ್ವಕ್ಕೆ ಬಲು ನಿಧಾನದ ಇಳಿವಾಲು.

ಈ ಇಳಿವಾಲೇ ನಮ್ಮ ನದಿಗಳ ಹಣೆಬರಹ ಬರೆದದ್ದು. ತಲಕಾವೇರಿಯಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ 60 ಕಿ.ಮೀ. ದೂರವೂ ಇಲ್ಲ. ಆದರೂ ಕಾವೇರಿ ಅದಕ್ಕೆ ಬೆನ್ನು ಹಾಕಿ 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಗಂಗಾಮೂಲದ ಗುಡ್ಡಗಳಲ್ಲಿ ಹುಟ್ಟುವ ಮೂರು ನದಿಗಳಲ್ಲಿ ತುಂಗಾ ಭದ್ರಾ ಪೂರ್ವಕ್ಕೆ, ನೇತ್ರಾವತಿ ಪಶ್ಚಿಮಕ್ಕೆ. ಒಂದೇ ಮಳೆಯ ಹನಿಗಳು ಒಂದು ದಿಣ್ಣೆಯ ಈಚೆ ಆಚೆ ಬಿದ್ದ ಕಾರಣಕ್ಕೆ ಎರಡು ಕಡಲುಗಳ ಪಾಲಾಗುತ್ತವೆ.

ಅಂಚು ಹುಟ್ಟಿದ್ದು ಹೇಗೆಂಬ ಕತೆ ದೊಡ್ಡದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬಿರುಕು ಬಿಟ್ಟು ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಸಾಲುಗಟ್ಟಿ ನಿಂತಿರುವ ಕಲ್ಲಿನ ಕಂಬಗಳು ಆ ಬಿರುಕಿನ ಕಾಲದ ಜ್ವಾಲಾಮುಖಿಯ ಗುರುತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಅದಕ್ಕಿದೆ. ಪ್ರವಾಸಕ್ಕೆ ಹೋದ ಮಕ್ಕಳು ಕಂಬಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮಹಾ ಲಾವಾ ಪ್ರವಾಹ. ಬಳಿಕ ಸೆಶೆಲ್ಸ್ ದ್ವೀಪಗಳ ತುಣುಕೂ ಕಳಚಿಕೊಂಡಿತು. ಹೀಗೆ ಪಶ್ಚಿಮದ ಅಂಚು ಮುರಿದು, ಮೇಲಕ್ಕೆ ಎತ್ತಿಕೊಂಡು ನಿಂತಿತು.

ಇಲ್ಲೊಂದು ಹಳೆಯ ತಕರಾರು ಇದೆ. ಅಂಚಿನ ಪಶ್ಚಿಮಕ್ಕಿದ್ದ ನೆಲ ಒಂದೇ ಗೆರೆಯಲ್ಲಿ ಕತ್ತರಿಸಿದಂತೆ ಕುಸಿದು ಸಮುದ್ರ ಸೇರಿತು, ಉಳಿದ ಗೋಡೆಯೇ ಘಟ್ಟ ಎಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ಡೆಮ್ ಚಿತ್ರದಲ್ಲಿ ಘಟ್ಟದ ಅಂಚನ್ನು ಹಿಂಬಾಲಿಸಿದರೆ ಅದು ಚಾಕುವಿನಲ್ಲಿ ಕೊಯ್ದ ಗೆರೆಯಂತಿಲ್ಲ. ಇಲಿ ಕಚ್ಚಿದ ರೊಟ್ಟಿಯ ಅಂಚಿನಂತೆ ಒಳಕ್ಕೂ ಹೊರಕ್ಕೂ ಬಳುಕುತ್ತದೆ. ಪ್ರತಿ ಹಳ್ಳವೂ ಒಂದೊಂದು ಕಚ್ಚು ಹಾಕಿದೆ. ಬಿರುಕು ಬಿಟ್ಟದ್ದು ಪಶ್ಚಿಮದಲ್ಲೆಲ್ಲೋ, ಮಳೆ ಮತ್ತು ಹೊಳೆಗಳು ಕೊರೆಯುತ್ತ ಕೊರೆಯುತ್ತ ಅಂಚನ್ನು ಇಂದಿನ ಜಾಗಕ್ಕೆ ತಳ್ಳಿವೆ ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ. ಪರಶುರಾಮ ಕೊಡಲಿ ಎಸೆದು ಕಡಲಿನಿಂದ ಕರಾವಳಿಯನ್ನು ಪಡೆದನೆಂಬ ನಮ್ಮ ಪುರಾಣಕ್ಕೆ ಭೂವಿಜ್ಞಾನ ಕೊಡುವ ಉತ್ತರ ಸ್ವಾರಸ್ಯವಾಗಿದೆ: ಕರಾವಳಿ ದೊರೆತದ್ದು ಕಡಲು ಹಿಂದೆ ಸರಿದು ಮಾತ್ರ ಅಲ್ಲ, ಘಟ್ಟವೂ ಹಿಂದೆ ಸರಿದು! ಕನ್ನಡಿಗರೇ ಆದ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು ಘಟ್ಟಗಳ ಹುಟ್ಟಿನ ಬಗ್ಗೆ ದಶಕಗಳ ಕಾಲ ಬರೆದವರು. ಅವರೂ ಯಾನಿ ಗುನೆಲ್ ಅವರೂ ಸೇರಿ ಸಂಪಾದಿಸಿ 2001ರಲ್ಲಿ ಹೊರತಂದ ಸಹ್ಯಾದ್ರಿ ಕುರಿತ ದೊಡ್ಡ ಗ್ರಂಥದಲ್ಲಿ ಈ ಚರ್ಚೆಯೆಲ್ಲ ಒಂದೆಡೆ ಸಿಗುತ್ತದೆ.

ಕೊರೆಯುವ ಹೊಳೆಗಳು ಕಳ್ಳತನವನ್ನೂ ಮಾಡುತ್ತವೆ. ಪಶ್ಚಿಮದ ಕಡಿದಾದ ಹೊಳೆ ತನ್ನ ತಲೆಯ ಕಡೆಯಿಂದ ಕೊರೆಯುತ್ತ ಹಿಂದೆ ಸರಿದು, ಘಟ್ಟದ ಮೇಲೆ ನೆಮ್ಮದಿಯಾಗಿ ಪೂರ್ವಕ್ಕೆ ಹರಿಯುತ್ತಿದ್ದ ಹೊಳೆಯೊಂದನ್ನು ಎಳೆದುಕೊಂಡುಬಿಡುತ್ತದೆ. ಇದಕ್ಕೆ ನದಿ ಅಪಹರಣವೆಂದೇ ಹೆಸರು. ಶರಾವತಿಯ ಮೇಲ್ಭಾಗ ಇಂಥ ಅಪಹರಣದ ಮಾಲು ಎಂಬುದು ಹಲವು ಭೂವಿಜ್ಞಾನಿಗಳ ಅಭಿಮತ. ಅಂಬುತೀರ್ಥದಲ್ಲಿ ಹುಟ್ಟಿ ಘಟ್ಟದ ಮೇಲೆ ವಾಯವ್ಯಕ್ಕೆ ಸಾವಕಾಶವಾಗಿ ಹರಿಯುವ ನದಿ ಜೋಗದಲ್ಲಿ ಒಮ್ಮೆಗೇ 253 ಮೀಟರ್ ಧುಮುಕಿ, ಆಳದ ಕಮರಿಯಲ್ಲಿ ಗೇರುಸೊಪ್ಪೆಯ ಕಡೆ ನುಗ್ಗುತ್ತದೆ. ಮೂಲದಿಂದ ಮುಖಜದವರೆಗೆ ನದಿಯ ಎತ್ತರವನ್ನು ಗ್ರಾಫಿನಲ್ಲಿ ಹಾಕಿದರೆ, ಹಳೆಯ, ನೆಮ್ಮದಿಯ ನದಿಗೆ ಒಳಬಾಗಿದ ನುಣುಪಾದ ಗೆರೆ ಬರಬೇಕು. ಶರಾವತಿಯ ಗೆರೆಯಲ್ಲಿ ಜೋಗದ ಬಳಿ ಮೊಣಕಾಲು ಮುರಿದಂತೆ ಒಂದು ಮುರುಕು. ಇಂಥ ಮುರುಕು ಕಂಡಲ್ಲೆಲ್ಲ ಭೂವಿಜ್ಞಾನಿ ಕಿವಿ ನಿಮಿರಿಸುತ್ತಾನೆ. ಅಲ್ಲಿ ಗಟ್ಟಿ ಕಲ್ಲು ಅಡ್ಡ ಬಂದಿರಬೇಕು, ಇಲ್ಲವೆ ನೆಲ ಮೇಲೆದ್ದಿರಬೇಕು, ಇಲ್ಲವೆ ನದಿ ಕಳುವಾಗಿರಬೇಕು.

ಚಂದ್ರದ್ರೋಣದ ಬಾಗು

ಅಂಚು ಒಂದೇ ಆದರೂ ಉದ್ದಕ್ಕೂ ಅದರ ಮುಖ ಒಂದೇ ತೆರನಾಗಿಲ್ಲ. ಕಲ್ಲು ಬದಲಾದಂತೆ ಮುಖವೂ ಬದಲು. ಉತ್ತರದಲ್ಲಿ, ಮಹಾಬಲೇಶ್ವರದ ಸುತ್ತ, ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಪದರಗಳು ಸಾವಿರ ಮೀಟರಿಗೂ ಮಿಕ್ಕಿ ದಪ್ಪ. ಗಟ್ಟಿ ಪದರ ಲಂಬವಾಗಿ ನಿಲ್ಲುತ್ತದೆ, ಅದರ ಮೇಲಿನ ಮೆತ್ತನೆಯ ಪದರ ಸವೆದು ಚಪ್ಪಟೆ ಜಗಲಿಯಾಗುತ್ತದೆ. ಡೆಮ್ ಚಿತ್ರದಲ್ಲಿ ಇಡೀ ಬೆಟ್ಟ ದೇವಸ್ಥಾನದ ಕಲ್ಯಾಣಿಯನ್ನು ಮಗುಚಿ ಹಾಕಿದಂತೆ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಈ ಶಿಲೆಗಳಿಗೆ ಅಂಟಿದ 'ಟ್ರ್ಯಾಪ್' ಎಂಬ ಹೆಸರು ಮೆಟ್ಟಿಲು ಎಂಬ ಅರ್ಥದ ಸ್ಕ್ಯಾಂಡಿನೇವಿಯದ ಪದದಿಂದ ಬಂದದ್ದು. ದಕ್ಷಿಣದಲ್ಲಿ ನೀಲಗಿರಿ ಬೇರೆಯೇ ಬಗೆ. ಚಾರ್ನೊಕೈಟ್ ಎಂಬ ಗಟ್ಟಿ ಶಿಲೆಯ ಇಡಿಯ ಗಡ್ಡೆ 2,000 ಮೀಟರಿಗೂ ಎತ್ತರದಲ್ಲಿ ಮೇಜಿನಂತೆ ನಿಂತಿದೆ. ಅದರ ಉತ್ತರ ಬದಿಯಲ್ಲಿ ಮೋಯಾರ್ ನದಿ ಅಡಿಕೋಲು ಇಟ್ಟು ಎಳೆದಷ್ಟು ನೇರವಾದ ಕಮರಿಯಲ್ಲಿ ಹರಿಯುತ್ತದೆ. ನದಿ ನೇರ ಹರಿಯುವುದು ಅದರ ಸ್ವಭಾವವಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಭೂತೊಗಟೆ ಒಂದಕ್ಕೊಂದು ಉಜ್ಜಿ ನುರಿದ ಪಟ್ಟಿಯ ಮೇಲೆ ದಾರಿ ಸಿಕ್ಕಿದ್ದರಿಂದ ಅದು ನೇರ.

ಇವೆರಡರ ನಡುವೆ, ಅಂಚಿನಿಂದ ತುಸು ಒಳಗೆ, ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿ ಇದೆ. ಅದರ ಇನ್ನೊಂದು ಹೆಸರು ಚಂದ್ರದ್ರೋಣ ಪರ್ವತ. ಡೆಮ್ ತುಣುಕನ್ನು ತೆರೆದು ನೆರಳು ಹಾಕಿ ನೋಡಿದ ಕೂಡಲೇ ಹೆಸರಿನ ಮರ್ಮ ತಿಳಿಯುತ್ತದೆ. ಬೆಟ್ಟಗಳ ಸಾಲು ಬಿದಿಗೆಯ ಚಂದ್ರನಂತೆ, ಕುದುರೆಯ ಲಾಳದಂತೆ ಬಾಗಿದೆ. ಲಾಳದ ಬಾಯಿ ವಾಯವ್ಯಕ್ಕೆ, ಒಳಗೆ ಜಾಗರ ಕಣಿವೆ. ರಾಜ್ಯದ ಅತಿ ಎತ್ತರದ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ನಿಂತಿರುವುದು ಈ ಲಾಳದ ಅಂಚಿನಲ್ಲೇ. ಉಪಗ್ರಹವಿಲ್ಲದ ಕಾಲದಲ್ಲಿ ಇದನ್ನು ಕಂಡು ಹೆಸರಿಟ್ಟವರ ಕಣ್ಣಿಗೆ ಶರಣೆನ್ನಬೇಕು.

ಬಾಗು ಬಂದದ್ದೇಕೆ? ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಲಾವಾ, ಮರಳು, ಕಬ್ಬಿಣದ ಕೆಸರು ಪದರ ಪದರವಾಗಿ ಕೂತು ಕಲ್ಲಾದವು. ಆಮೇಲೆ ಪಕ್ಕದಿಂದ ಒತ್ತಡ ಬಿದ್ದು, ತೊಟ್ಟಿಲಿಗೆ ಕಟ್ಟಿದ ಸೀರೆಯಂತೆ ನಡುವೆ ತಗ್ಗಿ ಮಡಿಸಿಕೊಂಡವು. ಈ ಪದರಗಳಲ್ಲಿ ಮೇಲಿನದು ಕಬ್ಬಿಣದ ಪಟ್ಟೆಶಿಲೆ: ಕಬ್ಬಿಣದ ಆಕ್ಸೈಡು ಮತ್ತು ಬಿಳಿಯ ಸಿಲಿಕಾ ಪಟ್ಟೆ ಪಟ್ಟೆಯಾಗಿ ಸೇರಿದ್ದು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇದೇ ಶ್ರೇಣಿಯಿಂದ. ಮಳೆಗೆ ಸುಲಭವಾಗಿ ಬಗ್ಗದ ಕಲ್ಲು ಅದು. ಸುತ್ತಲಿನ ಮೆತ್ತನೆಯ ಶಿಲೆ ಸವೆದು ತಗ್ಗಾದಂತೆ ಪಟ್ಟೆಶಿಲೆಯ ಅಂಚು ಎದ್ದು ನಿಂತಿತು. ಅಂದರೆ ಇಂದು ಕಾಣುವ ಲಾಳದಾಕಾರ ಆ ಹಳೆಯ ಮಡಿಕೆಯ ಸೀಳುನೋಟ. ಮಡಿಕೆ ಬಿದ್ದದ್ದು ಭೂಮಿಯ ಮೇಲೆ ಹುಲ್ಲುಕಡ್ಡಿಯೂ ಇಲ್ಲದ ಕಾಲದಲ್ಲಿ. ಅದರ ಅಚ್ಚನ್ನು ಇಂದಿನ ಬೆಟ್ಟ ಹಾಗೆಯೇ ಹೊತ್ತು ನಿಂತಿದೆ.

ಹತ್ತನೆಯ ತರಗತಿಯ ಗಣಿತ ಬಲ್ಲವರು ಇಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ. ಪದರವೊಂದು ಬೆಟ್ಟದ ಮೈಮೇಲೆ ಗೆರೆಯಾಗಿ ಕಾಣುವ ಕಡೆ ಮೂರು ಜಾಗ ಆರಿಸಿ ಡೆಮ್‌ನಿಂದ ಅವುಗಳ ಎತ್ತರ ಓದಿದರೆ ಪದರ ಎತ್ತ ಎಷ್ಟು ಬಾಗಿದೆ ಎಂಬುದು ಸಿಕ್ಕಿತು. ಉದಾಹರಣೆಗೆ, ಎರಡು ಬಿಂದುಗಳು 1,500 ಮೀಟರಿನಲ್ಲಿವೆ, ಮೂರನೆಯದು 1,300ರಲ್ಲಿ. ಅದು ಮೊದಲ ಎರಡನ್ನು ಸೇರಿಸುವ ಗೆರೆಯಿಂದ ಲಂಬ ದಿಕ್ಕಿನಲ್ಲಿ 400 ಮೀಟರ್ ದೂರದಲ್ಲಿದೆ ಎನ್ನೋಣ. 200ನ್ನು 400ರಿಂದ ಭಾಗಿಸಿದರೆ 0.5. ಯಾವ ಕೋನದ ಟ್ಯಾಂಜೆಂಟ್ 0.5? ಸುಮಾರು 27 ಡಿಗ್ರಿ. ಮನೆಯಲ್ಲೇ ಕುಳಿತು, ಬೆಟ್ಟದೊಳಗೆ ಕಲ್ಲು ಹೇಗೆ ಮಲಗಿದೆ ಎಂದು ತಿಳಿದಂತಾಯಿತು. ತ್ರಿಕೋನಮಿತಿಯಿಂದ ಏನು ಉಪಯೋಗ ಎಂದು ಕೇಳುವ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಹುಡುಕಬೇಕಾಗಿಲ್ಲ.

ಅಂಕಿಯೂ ಸುಳ್ಳಾಡುತ್ತದೆ

ಇಷ್ಟೆಲ್ಲ ಹೇಳಿದ ಮೇಲೆ ಕೋಷ್ಟಕದ ಕೊರತೆಗಳನ್ನೂ ಹೇಳಬೇಕು. ಎಂಡೆವರ್ ಕಳಿಸಿದ ರೇಡಾರ್ ಅಲೆಯ ಉದ್ದ 5.6 ಸೆಂಟಿಮೀಟರ್. ಅದು ದಟ್ಟ ಕಾಡಿನ ನೆಲವನ್ನು ಮುಟ್ಟುವುದು ಕಷ್ಟ. ಎಲೆ ಕೊಂಬೆಗಳಿಗೆ ತಾಗಿ ಹಿಂದಿರುಗುತ್ತದೆ. ಹೀಗಾಗಿ ಆಗುಂಬೆಯ ಕಾಡಿನಲ್ಲಿ 'ನೆಲ' ಎಂದು ದಾಖಲಾದದ್ದು ಬಹುಪಾಲು ಮರಗಳ ನೆತ್ತಿಯ ಸಮೀಪದ ಎತ್ತರ. ಕಾಡು ಮುಗಿದು ಗದ್ದೆ ಶುರುವಾಗುವ ಕಡೆ ಇಲ್ಲದ ದರೆಯೊಂದು ಚಿತ್ರದಲ್ಲಿ ಮೂಡಬಹುದು.

ಜೋಗದ ಬಂಡೆ ಬಹುಮಟ್ಟಿಗೆ ನೆಟ್ಟಗೆ ನಿಂತದ್ದು. ಇಳಿಜಾರನ್ನು ಲೆಕ್ಕ ಹಾಕುವಾಗ ಗಣಕ ಒಂದು ಚೌಕದ ಈಚೆ ಆಚೆಯ ಎತ್ತರಗಳನ್ನು ಹೋಲಿಸುತ್ತದೆ. 90 ಮೀಟರ್ ಚೌಕದ ಕೋಷ್ಟಕವಾದರೆ 253 ಮೀಟರ್ ಇಳಿತವನ್ನು 180 ಮೀಟರಿಗೆ ಹಂಚಿ, ಇಳಿಜಾರು ಸುಮಾರು 55 ಡಿಗ್ರಿ ಎಂದುಬಿಡುತ್ತದೆ. 30 ಮೀಟರ್ ಚೌಕವಾದರೆ 77 ಡಿಗ್ರಿ. ಜಲಪಾತ ಅದೇ, ಬಂಡೆ ಅದೇ. ಚೌಕ ಸಣ್ಣದಾದಷ್ಟೂ ಬಂಡೆ ನೆಟ್ಟಗಾಗುತ್ತ ಹೋಗುತ್ತದೆ! ಜೋಗದಿಂದ ಮೇಲಕ್ಕೆ ಲಿಂಗನಮಕ್ಕಿ ಜಲಾಶಯ ಕನ್ನಡಿಯಂತೆ ಚಪ್ಪಟೆ. 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದೆ ಮುಳುಗಿದ ಕಣಿವೆ, ಹೊಳೆ, ಗದ್ದೆಗಳು ಯಾವ ಉಪಗ್ರಹದ ಕೋಷ್ಟಕದಲ್ಲೂ ಇಲ್ಲ. ಅವುಗಳ ಎತ್ತರ ಬೇಕಾದವರು ಅಣೆಕಟ್ಟಿಗಿಂತ ಹಿಂದಿನ ಟೋಪೋಶೀಟ್ ಹುಡುಕಬೇಕು.

ಈ ಕೊರತೆಗಳು ಸಹಿಸಬಹುದಾದವು. ಜೀವಕ್ಕೆ ಸಂಬಂಧಿಸಿದ್ದು ಇನ್ನೊಂದಿದೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯನ್ನು ಬಲಿ ತೆಗೆದುಕೊಂಡಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಉರುಳಿತು. ಎದ್ದ ಅಲೆ ಎದುರು ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಸತ್ತವರು 200ಕ್ಕೂ ಹೆಚ್ಚು. ಅಲ್ಲಿ ಕುಸಿತ ಆರಂಭವಾದದ್ದು ಸುಮಾರು 1,550 ಮೀಟರ್ ಎತ್ತರದಲ್ಲಿ. ಮಣ್ಣು ಬಂಡೆಗಳ ಪ್ರವಾಹ ಸುಮಾರು 8 ಕಿ.ಮೀ. ಕೆಳಗೆ ಹರಿಯಿತು ಎಂದು ಇಸ್ರೋದ ಚಿತ್ರಗಳು ತೋರಿಸಿದವು. ಊರಿನಿಂದ ಕಣ್ಣಿಗೆ ಕಾಣದಷ್ಟು ದೂರದ ಇಳಿಜಾರು ರಾತ್ರೋರಾತ್ರಿ ಊರಿನೊಳಗೆ ಬಂದು ನಿಂತಿತು.

ಇಂಥ ಜಾಗಗಳನ್ನು ಮುಂಚೆಯೇ ಗುರುತಿಸುವುದರಲ್ಲಿ ಡೆಮ್ ದೊಡ್ಡ ನೆರವು. ಒಂದು ಚೌಕದ ಈಚೆಯ ಎತ್ತರ 620 ಮೀಟರ್, ಆಚೆಯದು 572. ನಡುವಿನ ದೂರ 60 ಮೀಟರ್. 48ನ್ನು 60ರಿಂದ ಭಾಗಿಸಿದರೆ 0.8, ಎಂದರೆ 39 ಡಿಗ್ರಿಯ ಸಮೀಪ. ಹೀಗೆ ಕೋಟಿ ಚೌಕಗಳ ಇಳಿಜಾರನ್ನು ಗಣಕ ಕ್ಷಣಾರ್ಧದಲ್ಲಿ ಲೆಕ್ಕ ಹಾಕಿ ಕಡಿದಾದ ಕಡೆ ಕೆಂಪು ಬಳಿಯುತ್ತದೆ. ನೀರು ಎಲ್ಲಿ ಕೂಡುತ್ತದೆ, ಜಾರಿದ ಮಣ್ಣು ಯಾವ ಹಳ್ಳ ಹಿಡಿದು ಯಾವ ಊರಿಗೆ ಬರಬಹುದು ಎಂಬುದನ್ನೂ ಹೇಳಬಲ್ಲದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2014ರಿಂದ ಇಡೀ ದೇಶಕ್ಕೆ ಭೂಕುಸಿತ ಸಾಧ್ಯತೆಯ ನಕ್ಷೆ ಸಿದ್ಧಪಡಿಸುವಾಗ ಇಳಿಜಾರನ್ನು ಮುಖ್ಯ ಅಂಶವಾಗಿ ಹಿಡಿದಿದೆ.

ಆದರೆ ಕೆಂಪು ಬಣ್ಣವನ್ನಷ್ಟೇ ನಂಬಿದರೆ ಮೋಸ ಹೋಗುತ್ತೇವೆ. ಬಾಬಾಬುಡನ್ ಗಿರಿಯ ಪಟ್ಟೆಶಿಲೆಯ ಮೇಲೆ 39 ಡಿಗ್ರಿ ಎಂದರೆ ಯುಗಯುಗಗಳಿಂದ ನಿಂತ ಬಂಡೆ ಇರಬಹುದು. ಕೊಡಗು, ವಯನಾಡುಗಳ ನೈಸ್ ಶಿಲೆಯ ಮೇಲೆ ಅದೇ 39 ಎಂದರೆ ಬೇರೆ ಮಾತು. ಅಲ್ಲಿ ಬಿಸಿಲು ಮಳೆಗೆ ಕಲ್ಲು ಕೊಳೆತು ದಪ್ಪನೆಯ ಮಣ್ಣಿನ ಹೊದಿಕೆಯಾಗಿದೆ. ಮಣ್ಣಿನ ಕಣಗಳನ್ನು ಇಳಿಜಾರಿನ ಮೇಲೆ ಹಿಡಿದಿಡುವುದು ಪರಸ್ಪರ ಘರ್ಷಣೆ. ನಾಲ್ಕೈದು ದಿನ ಎಡೆಬಿಡದ ಮಳೆ ಸುರಿದಾಗ ನೀರು ಒಳಗಿಳಿದು, ಕೆಳಗಿನ ಬಂಡೆಯ ಮೇಲೆ ನಿಂತು, ಕಣಗಳನ್ನು ಒಂದರಿಂದೊಂದು ತಳ್ಳುತ್ತದೆ. ಘರ್ಷಣೆ ಕುಗ್ಗಿದ ಕ್ಷಣ ಹೊದಿಕೆಗೆ ಹೊದಿಕೆಯೇ ಜಾರುತ್ತದೆ. ಕೋಷ್ಟಕದಲ್ಲಿ ಎರಡೂ ಕಡೆ ಸಂಖ್ಯೆ ಒಂದೇ. ಕಲ್ಲು ಬೇರೆ, ಫಲ ಬೇರೆ. ಇಳಿಜಾರಿನ ನಕ್ಷೆಯ ಮೇಲೆ ಶಿಲೆಗಳ ನಕ್ಷೆಯನ್ನು ಇಟ್ಟು ನೋಡದೆ ಅಪಾಯದ ಮಾತಾಡುವಂತಿಲ್ಲ.

ಅಂಕಿ ಹಳತಾಗುವುದೂ ಒಂದು ತೊಡಕು. 2000ದಲ್ಲಿ ಅಳೆದ ಕೋಷ್ಟಕಕ್ಕೆ ಆಮೇಲೆ ಹೆದ್ದಾರಿಗಾಗಿ ಕಡಿದ ಶಿರೂರಿನ ಗುಡ್ಡದ ಬುಡ ಗೊತ್ತಿಲ್ಲ. ಮನೆ ಕಟ್ಟಲೆಂದು ಜೆಸಿಬಿ ತಂದು ಹಿತ್ತಿಲ ದರೆಯನ್ನು ನೆಟ್ಟಗೆ ಕೊರೆದರೆ ಆ ನಾಲ್ಕೈದು ಮೀಟರಿನ ಗಾಯ 30 ಮೀಟರಿನ ಚೌಕದಲ್ಲಿ ಕಾಣುವುದೇ ಇಲ್ಲ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ತಜ್ಞರು ಬೆಟ್ಟು ಮಾಡಿದ್ದು ರಸ್ತೆ, ಮನೆಗಳಿಗಾಗಿ ಹೀಗೆ ಇಳಿಜಾರು ಕಡಿದದ್ದನ್ನೇ.

ಘಟ್ಟದ ಸೆರಗಿನ ಶಾಲೆಗಳ ಮಕ್ಕಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡಬಲ್ಲರು. ಭುವನ್‌ನಿಂದ ತಮ್ಮ ಹೋಬಳಿಯ ತುಣುಕನ್ನು ಇಳಿಸಿಕೊಂಡು ಇಳಿಜಾರು ನಕ್ಷೆ ಮಾಡಲು ಒಂದು ಶನಿವಾರದ ಮಧ್ಯಾಹ್ನ ಸಾಕು. ಆಮೇಲೆ ಅದನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಊರು ಸುತ್ತಬೇಕು. ಹೊಸದಾಗಿ ಕಡಿದ ದರೆ ಎಲ್ಲಿದೆ, ಎಷ್ಟು ಎತ್ತರ? ಮಳೆಗಾಲದಲ್ಲಿ ಯಾವ ಗುಡ್ಡದ ಬುಡದಲ್ಲಿ ಹೊಸ ಒರತೆ ಏಳುತ್ತದೆ, ಎಲ್ಲಿ ಮರಗಳು ವಾಲಿವೆ, ಎಲ್ಲಿ ನೆಲ ಬಿರಿದಿದೆ? ಇವಾವುವೂ ಆಕಾಶದಿಂದ ಕಾಣುವುದಿಲ್ಲ. ಮಣ್ಣಿನ ಹೊದಿಕೆ ಎಷ್ಟು ದಪ್ಪ ಎಂಬ ಮುಖ್ಯ ಸಂಖ್ಯೆಯಂತೂ ಯಾವ ಕೋಷ್ಟಕದಲ್ಲೂ ಇಲ್ಲ. ಅದನ್ನು ಊರಿನ ಬಾವಿ ತೋಡುವವರನ್ನು ಕೇಳಬೇಕು. ಯಾರ ಹಿತ್ತಿಲಲ್ಲಿ ಎಷ್ಟು ಕೋಲು ಆಳಕ್ಕೆ ಬಂಡೆ ಸಿಕ್ಕಿತೆಂಬುದು ಅವರಿಗೆ ಬಾಯಿಪಾಠ.